200 ಡಾಲರ್ ಚೆಕ್ಕು, ಸೋತ ಕೋಚ್ ಮತ್ತು ಅವರ ಶಿಷ್ಯರು

ಇವತ್ತಿನ ಕಥೆ ಒಂದು ಚೆಕ್ಕಿನಿಂದ ಶುರು.

2015ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಸುಮಾರು 180 ಜನರ ಮನೆಗೆ ಒಂದೊಂದು ಲಕೋಟೆ ಬಂತು. ಒಳಗೆ 200 ಡಾಲರ್‌ನ ಚೆಕ್. ಆಗಿನ ಲೆಕ್ಕದಲ್ಲಿ 12 ಸಾವಿರ ರೂಪಾಯಿ ಚಿಲ್ಲರೆ. ಜೊತೆಗೊಂದು ಪತ್ರ. ಕೋಚ್ ಡೀನ್ ಸ್ಮಿತ್ ತಮ್ಮ ವಿಲ್‌ನಲ್ಲಿ ನಿಮಗೆ ಈ ಹಣ ಬಿಟ್ಟು ಹೋಗಿದ್ದಾರೆ, ಹೊರಗೆಲ್ಲಾದರೂ ಹೋಗಿ ಒಳ್ಳೆ ಊಟ ಮಾಡಿ ಅನ್ನೋದು ಅದರ ಸಾರಾಂಶ. ಕೋಚ್ ತೀರಿಕೊಂಡು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಲಕೋಟೆ ಬಂದ ಅಷ್ಟೂ ಜನ ಯಾವುದೋ ಒಂದು ಕಾಲದಲ್ಲಿ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯಲ್ಲಿ ಅವರ ಕೈಕೆಳಗೆ ಬ್ಯಾಸ್ಕೆಟ್‌ಬಾಲ್ ಆಡಿದವರು. ಕೆಲವರು ಕೋಟ್ಯಧೀಶರು, ಕೆಲವರು ಬೆಂಚ್ ಮೇಲೆ ಕೂತೇ ಕಾಲೇಜು ಮುಗಿಸಿದವರು. ಸ್ಟಾರ್ ಅಂತ ಯಾರಿಗೂ ಹೆಚ್ಚಿಲ್ಲ, ಬೆಂಚ್ ಅಂತ ಯಾರಿಗೂ ಕಮ್ಮಿ ಇಲ್ಲ. ಎಲ್ಲರಿಗೂ ಅದೇ 200.

ನಾನು ಓದಿದ್ದು ಬಿ.ಕಾಂ. ಅಂಕಿ ಕಂಡ್ರೆ ತಲೆ ಅಲ್ಲೇ ನಿಲ್ಲತ್ತೆ. 180 ಗುಣಿಲೆ 200, ಅಂದ್ರೆ 36 ಸಾವಿರ ಡಾಲರ್. ಒಬ್ಬ ಕೋಚ್ ಯಾಕೆ ಹೀಗೆ ಮಾಡ್ತಾರೆ? ಇಂಥ ಸ್ವಭಾವ, ಇಂಥ ಶೈಲಿ ಎಲ್ಲಿಂದ ಬರತ್ತೆ? ಹುಟ್ಟಿನಿಂದಲೇ ಬರತ್ತಾ?

ಅಕೌಂಟ್ಸ್ ಓದಿದವರಿಗೆ ಒಂದು ವಿಷಯ ಗೊತ್ತಿರತ್ತೆ. ಹೊಸ ವರ್ಷದ ಪುಸ್ತಕ ಸೊನ್ನೆಯಿಂದ ಶುರು ಆಗಲ್ಲ. ಮೊದಲ ಸಾಲಲ್ಲಿ ಓಪನಿಂಗ್ ಬ್ಯಾಲೆನ್ಸ್ ಇರತ್ತೆ, ಹೋದ ವರ್ಷದಿಂದ ಎತ್ತಿಕೊಂಡು ಬಂದಿದ್ದು. ಆಸ್ತಿನೂ ಬರತ್ತೆ, ಸಾಲನೂ ಬರತ್ತೆ. ಕೋಚ್‌ಗಳ ಲೆಕ್ಕಾನೂ ಹಾಗೇನೇ. ಡೀನ್ ಸ್ಮಿತ್ ಅವರ ಓಪನಿಂಗ್ ಬ್ಯಾಲೆನ್ಸ್ ಹುಡುಕಿಕೊಂಡು ಹೋದ್ರೆ ನಾವು ಸೀದಾ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವರ ಮನೆ ಬಾಗಿಲಿಗೇ ಹೋಗಿ ನಿಲ್ತೀವಿ. ಬನ್ನಿ, ಹೋಗೋಣ.

ಎರಡು ಬುಟ್ಟಿ, 13 ನಿಯಮ

1891ರ ಡಿಸೆಂಬರ್. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರು. ಅಲ್ಲಿ ವೈಎಂಸಿಎ ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಅಂತ 30 ವರ್ಷದ ಮೇಷ್ಟ್ರು. ಕೆನಡಾದವರು. ಒಂಬತ್ತನೇ ವಯಸ್ಸಿಗೇ ಅಪ್ಪ ಅಮ್ಮ ಇಬ್ಬರನ್ನೂ ಟೈಫಾಯ್ಡ್‌ಗೆ ಕಳೆದುಕೊಂಡು ಬೆಳೆದವರು. ಪಾದ್ರಿ ಆಗೋಕೆ ಅಂತ ಓದಿ, ಕೊನೆಗೆ ದೈಹಿಕ ಶಿಕ್ಷಣದ ಕಡೆ ಬಂದಿದ್ದರು.

ಹೊರಗೆ ಚಳಿ, ಹಿಮ. ಒಳಗೆ ದಿನಾ ಅದೇ ಡ್ರಿಲ್ ಮಾಡಿ ಮಾಡಿ ಹುಡುಗರು ರೋಸಿ ಹೋಗಿದ್ದರು. ಈ ಕ್ಲಾಸನ್ನು ಯಾವ ಮೇಷ್ಟ್ರಿಗೂ ಹಿಡಿಯೋಕೆ ಆಗ್ತಾ ಇರಲಿಲ್ಲ. ಮೇಲಿನವರು ನೇಸ್ಮಿತ್‌ಗೆ 14 ದಿನ ಟೈಮ್ ಕೊಟ್ಟರು, ಒಳಾಂಗಣದಲ್ಲಿ ಆಡೋ ಹೊಸ ಆಟ ಒಂದನ್ನು ತಯಾರು ಮಾಡು ಅಂತ. ಅವರು 13 ನಿಯಮ ಬರೆದರು. ಜಿಮ್‌ನ ಎರಡೂ ತುದಿಯಲ್ಲಿ 10 ಅಡಿ ಎತ್ತರದಲ್ಲಿದ್ದ ಮೊಗಸಾಲೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆಸಿದರು. ಫುಟ್‌ಬಾಲ್ ತಂದು 18 ಹುಡುಗರನ್ನು ಎರಡು ತಂಡ ಮಾಡಿ ಆಡಿಸಿದರು. ಸ್ಕೋರ್ ಎಷ್ಟು ಗೊತ್ತಾ? 1-0. ಇಡೀ ಆಟಕ್ಕೆ ಒಂದೇ ಬುಟ್ಟಿ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ನೇಸ್ಮಿತ್ ಈ ಆಟ ಮಾಡಿದ್ದು ಯಾರನ್ನೋ ಸೋಲಿಸೋಕಲ್ಲ, ಒಂದು ಕ್ಲಾಸನ್ನು ಸರಿದಾರಿಗೆ ತರೋಕೆ. ಗೆಲ್ಲೋದಕ್ಕಿಂತ ಆಡೋ ಹುಡುಗ ಎಂಥವನಾಗ್ತಾನೆ ಅನ್ನೋದು ಅವರಿಗೆ ಮುಖ್ಯ. 1898ರಲ್ಲಿ ಕ್ಯಾನ್ಸಸ್ ಯೂನಿವರ್ಸಿಟಿ ಸೇರಿ, ಅಲ್ಲಿನ ಮೊದಲ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. ದಾಖಲೆ ಏನು ಅಂದ್ರೆ 55 ಗೆಲುವು, 60 ಸೋಲು. ಆ ಯೂನಿವರ್ಸಿಟಿಯ ಇತಿಹಾಸದಲ್ಲಿ ಗೆದ್ದಿದ್ದಕ್ಕಿಂತ ಜಾಸ್ತಿ ಸೋತ ಏಕೈಕ ಕೋಚ್, ಆ ಆಟವನ್ನೇ ಕಂಡುಹಿಡಿದವರು!

ಶಿಷ್ಯ ಒಂದು: ಮಾತು ಕೇಳದವರು

ನೇಸ್ಮಿತ್ ತಂಡದಲ್ಲಿ ಫಾರೆಸ್ಟ್ ಆಲನ್ ಅಂತ ಹುಡುಗ ಇದ್ದ. ಬೇಸ್‌ಬಾಲ್ ಅಂಪೈರಿಂಗ್ ಮಾಡುವಾಗ ಅವನ ಗಂಟಲು ಹಡಗಿನ ಹಾರ್ನ್ ಥರ ಇತ್ತಂತೆ. ಮಂಜು ಕವಿದಾಗ ಊದುವ ಹಾರ್ನ್. ಅದಕ್ಕೇ 'ಫಾಗ್' ಅಂತ ಅಡ್ಡಹೆಸರು. ಒಂದು ದಿನ ಬೇರೆ ಕಾಲೇಜಿನವರು ಈ ಹುಡುಗನನ್ನು ಕೋಚ್ ಆಗಿ ಬಾ ಅಂತ ಕರೆದರು. ಸುದ್ದಿ ಕೇಳಿ ನೇಸ್ಮಿತ್ ನಕ್ಕರಂತೆ. ಬ್ಯಾಸ್ಕೆಟ್‌ಬಾಲ್‌ಗೆ ಕೋಚ್ ಯಾಕಪ್ಪ, ಅದನ್ನು ಸುಮ್ಮನೆ ಆಡೋದಷ್ಟೇ ಅಂದರಂತೆ.

ಆಲನ್ ಕೇಳಲಿಲ್ಲ. ಹೇಗೆ ನಿಲ್ಲಬೇಕು, ಯಾವಾಗ ಪಾಸ್ ಕೊಡಬೇಕು, ಎದುರಾಳಿಯನ್ನು ಹೇಗೆ ತಡೀಬೇಕು, ಇವನ್ನೆಲ್ಲ ಕಲಿಸಬಹುದು ಅಂತ ಅವರು ನಂಬಿದ್ದರು. 1907ರಲ್ಲಿ ಗುರುವಿನ ಜಾಗಕ್ಕೇ ಬಂದರು. ಎರಡು ವರ್ಷ ಇದ್ದು ಹೋಗಿ, 1919ರಲ್ಲಿ ವಾಪಸ್ ಬಂದು 1956ರವರೆಗೆ ಅಲ್ಲೇ ಇದ್ದರು. ಕ್ಯಾನ್ಸಸ್‌ಗೆ 590 ಗೆಲುವು ತಂದುಕೊಟ್ಟರು, 1952ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ಕೋಚ್‌ಗಳಿಗೇ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚಿಂಗ್ ಅನ್ನೋದು ಒಂದು ಕಸುಬು ಅಂತ ಆಗಿದ್ದರಲ್ಲಿ ಇವರ ಪಾಲು ದೊಡ್ಡದು.

ಅಂದ್ರೆ ಗುರುವಿನ ಮಾತನ್ನೇ ಸುಳ್ಳು ಮಾಡಿದರು. ಆದ್ರೆ ಗುರುವಿನ ಜೊತೆ ಮುನಿಸಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿಸೋಕೆ ಓಡಾಡಿದವರಲ್ಲಿ ಆಲನ್ ಒಬ್ಬರು. ವಯಸ್ಸಾಗಿದ್ದ ನೇಸ್ಮಿತ್ ಅಲ್ಲಿಗೆ ಹೋಗಿ ತಮ್ಮ ಆಟವನ್ನು ನೋಡಲಿ ಅಂತ ದುಡ್ಡು ಒಟ್ಟು ಮಾಡೋಕೂ ನಿಂತರು. ಶೈಲಿ ಹುಟ್ಟೋ ಒಂದು ದಾರಿ ಇದು. ಗುರುವಿನ ಆಟ ಇಟ್ಕೊಂಡು, ಅಭಿಪ್ರಾಯ ಬಿಡೋದು.

ಶಿಷ್ಯ ಎರಡು: ಆಡೋಕೆ ಬಿಡದ ಹುಡುಗ

ಈಗ ಬರೋ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಜಾನ್ ಮೆಕ್‌ಲೆಂಡನ್.

1915ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲೇ ಹುಟ್ಟಿದವರು, ಕಪ್ಪು ಜನಾಂಗದವರು. ಬ್ಯಾಸ್ಕೆಟ್‌ಬಾಲ್ ಕೋಚ್ ಆಗಬೇಕು ಅನ್ನೋದೇ ಆಸೆ. ಆಟ ಕಂಡುಹಿಡಿದವರೇ ಪಾಠ ಮಾಡ್ತಾರೆ, ಹೋಗಿ ಅವರನ್ನೇ ಹಿಡ್ಕೋ ಅಂತ ಅಪ್ಪ 1933ರಲ್ಲಿ ಯೂನಿವರ್ಸಿಟಿಗೆ ಕಳಿಸಿದರು. ಹುಡುಗ ಹೋಗಿ ನೇಸ್ಮಿತ್ ಎದುರು ನಿಂತು, ನೀವೇ ನನ್ನ ಮಾರ್ಗದರ್ಶಕರು ಅಂದ. ಯಾರಪ್ಪ ಹೇಳಿದ್ದು ಅಂತ ಕೇಳಿದರು. ನಮ್ಮಪ್ಪ ಅಂದ. ಮೇಷ್ಟ್ರು ಒಪ್ಪಿಕೊಂಡರು.

ಆದ್ರೆ ಯೂನಿವರ್ಸಿಟಿ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗ ಇರಲಿಲ್ಲ. ಆ ತಂಡದ ಕೋಚ್ ಯಾರು? ಫಾಗ್ ಆಲನ್. ಅವರ ತಂಡಕ್ಕೆ ಮೊದಲ ಕಪ್ಪು ಆಟಗಾರ ಬಂದಿದ್ದು 1951ರಲ್ಲಿ. ಅಂದ್ರೆ ಆಟದ ಜನಕನ ಹತ್ತಿರ ಆಟ ಕಲೀಬಹುದು, ಅದೇ ಕ್ಯಾಂಪಸ್‌ನಲ್ಲಿ ಆಡೋ ಹಾಗಿಲ್ಲ. ಈಜುಕೊಳದಲ್ಲೂ ಅದೇ ಕಥೆ. ಡಿಗ್ರಿಗೆ ಈಜು ಬೇಕು, ಕಪ್ಪು ವಿದ್ಯಾರ್ಥಿಗಳು ನೀರಿಗೆ ಇಳಿಯೋ ಹಾಗಿಲ್ಲ. ಮೆಕ್‌ಲೆಂಡನ್ ಇಳಿದೇ ಬಿಟ್ಟರು. ಅವರು ಈಜಿದ ಮೇಲೆ ಕೊಳದ ನೀರನ್ನೇ ಖಾಲಿ ಮಾಡಿದರು. ಅವರು ಹಿಂದೆ ಸರೀಲಿಲ್ಲ. ಆಗ ಅವರ ಪರ ನಿಂತವರು ನೇಸ್ಮಿತ್.

1936ರಲ್ಲಿ ಡಿಗ್ರಿ ಸಿಕ್ಕಿತು. ಆ ಯೂನಿವರ್ಸಿಟಿಯಲ್ಲಿ ದೈಹಿಕ ಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರು. ಮುಂದೆ ನಾರ್ತ್ ಕ್ಯಾರೊಲಿನಾದ ಡರಮ್ ಊರಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಅಂತಲೇ ಇದ್ದ ಕಾಲೇಜಿನಲ್ಲಿ ಕೆಲಸ ಸಿಕ್ಕಿ, 1940ರಲ್ಲಿ ಮುಖ್ಯ ಕೋಚ್ ಆದರು.

ಈಗ ಅವರ ಶೈಲಿ ನೋಡಿ. ಆ ಕಾಲದ ಆಟ ನಿಧಾನ. ಬಾಲ್ ಹಿಡ್ಕೊಂಡು, ನೋಡಿ, ಯೋಚಿಸಿ, ಎರಡು ಕೈಯಲ್ಲಿ ಎಸೆಯೋದು. ಮೆಕ್‌ಲೆಂಡನ್ ಹುಡುಗರು ಓಡ್ತಾ ಇದ್ದರು. ಬಾಲ್ ಕೈಗೆ ಬಂದ ತಕ್ಷಣ ಆ ತುದಿಗೆ ದಾಳಿ, ಬಾಲ್ ಹೋದ ತಕ್ಷಣ ಇಡೀ ಕೋರ್ಟ್ ತುಂಬ ಬೆನ್ನಟ್ಟೋದು. ಇದು ನನಗೆ ಹೊಳೆದಿದ್ದಲ್ಲ, ಮಕ್ಕಳು ಬಾಲ್ ಹಿಂದೆ ಓಡೋದನ್ನು ತೋರಿಸಿ ಆಟ ಹೀಗಿರಬೇಕು ಅಂತ ಡಾಕ್ಟರ್ ನೇಸ್ಮಿತ್ ಹೇಳಿಕೊಟ್ಟಿದ್ದು ಅಂತ ಅವರೇ ಹೇಳ್ತಾ ಇದ್ದರು. ಕೋಚಿಂಗ್ ಯಾಕೆ ಅಂತ ನಕ್ಕಿದ್ದ ಮೇಷ್ಟ್ರಿಂದಲೇ ಈ ಶಿಷ್ಯ ಒಂದು ಹೊಸ ಆಟದ ಶೈಲಿ ಎತ್ತಿಕೊಂಡು ಬಂದರು!

ಬೀಗ ಹಾಕಿದ ಜಿಮ್

1944ರ ಮಾರ್ಚ್ 12, ಭಾನುವಾರ ಬೆಳಗ್ಗೆ. ಡರಮ್‌ನಲ್ಲಿ ಪೊಲೀಸರೂ ಸೇರಿ ಮುಕ್ಕಾಲು ಊರು ಚರ್ಚ್‌ನಲ್ಲಿ ಇರೋ ಹೊತ್ತು. ಅದೇ ಊರಿನ ಡ್ಯೂಕ್ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜಿನ ಬಿಳಿಯರ ತಂಡ ಒಂದೆರಡು ಕಾರಿನಲ್ಲಿ ಸುತ್ತು ದಾರಿ ಹಿಡಿದು ಮೆಕ್‌ಲೆಂಡನ್ ಅವರ ಕಾಲೇಜಿಗೆ ಬಂತು. ಒಳಗೆ ಬಂದ ಮೇಲೆ ಜಿಮ್‌ಗೆ ಬೀಗ.

ಆ ರಾಜ್ಯದಲ್ಲಿ ಬಿಳಿಯರು, ಕರಿಯರು ಒಟ್ಟಿಗೆ ಆಡೋದು ಆಗದ ಮಾತು. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗ್ತಿತ್ತು, ಜೀವಕ್ಕೂ ಅಪಾಯ ಇತ್ತು. ಇದು ಸುಮ್ಮನೆ ಹೇಳ್ತಿರೋ ಮಾತಲ್ಲ. ಅದೇ ವರ್ಷ ಜುಲೈನಲ್ಲಿ ಅದೇ ಡರಮ್‌ನಲ್ಲಿ, ಬಸ್ಸಿನ ಸೀಟಿನ ಜಗಳಕ್ಕೆ ಒಬ್ಬ ಕಪ್ಪು ಸೈನಿಕನನ್ನು ಬಸ್ ಡ್ರೈವರ್ ಗುಂಡಿಟ್ಟು ಕೊಂದ.

ಶುರುವಲ್ಲಿ ಎರಡೂ ಕಡೆ ಕೈ ನಡುಕ. ಆಮೇಲೆ ಮೆಕ್‌ಲೆಂಡನ್ ಹುಡುಗರು ಓಡೋಕೆ ಶುರು ಮಾಡಿದರು. ಕೊನೆಗೆ ಸ್ಕೋರ್ 88-44. ಸರಿಯಾಗಿ ಡಬಲ್. ಅದಕ್ಕಿಂತ ಮುಖ್ಯವಾದ್ದು ಆಮೇಲೆ ನಡೀತು. ಮ್ಯಾಚ್ ಮುಗಿದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ಎರಡೂ ತಂಡದವರನ್ನು ಕಲಸಿ ಹೊಸ ತಂಡ ಮಾಡಿಕೊಂಡು, ಒಂದು ಕಡೆಯವರು ಅಂಗಿ ಬಿಚ್ಚಿ, ಮತ್ತೊಂದು ಆಟ ಆಡಿದರು.

ಮರುದಿನದ ಪೇಪರ್‌ನಲ್ಲಿ ಒಂದು ಸಾಲೂ ಇಲ್ಲ. 1996ರಲ್ಲಿ ಸ್ಕಾಟ್ ಎಲ್ಸ್‌ವರ್ತ್ ಅನ್ನೋ ಇತಿಹಾಸಕಾರರು ಬರೆಯೋವರೆಗೂ ಹೊರಗಿನವರಿಗೆ ಈ ಕಥೆ ಗೊತ್ತೇ ಇರಲಿಲ್ಲ. 52 ವರ್ಷ!

ಮೆಕ್‌ಲೆಂಡನ್ ಮುಂದೆ ಟೆನಿಸಿ ರಾಜ್ಯದ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಹೋಗಿ 1957, 58, 59, ಸತತ ಮೂರು ವರ್ಷ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆ ತಂಡದ ಡಿಕ್ ಬಾರ್ನೆಟ್ ಮುಂದೆ ನ್ಯೂಯಾರ್ಕ್ ನಿಕ್ಸ್ ಪರ ಎರಡು ಎನ್‌ಬಿಎ ಪ್ರಶಸ್ತಿ ಗೆದ್ದರು, ಪಿಎಚ್‌ಡಿ ಮಾಡಿದರು. ಆಮೇಲೆ ವರ್ಷಗಟ್ಟಲೆ ಒಂದೇ ಹಟ ಹಿಡಿದರು: ನಮ್ಮ ಕಾಲೇಜು ತಂಡಕ್ಕೆ ಸಿಗಬೇಕಾದ ಮರ್ಯಾದೆ ಸಿಗಬೇಕು. 2019ರಲ್ಲಿ ಆ ತಂಡ ಸ್ಪ್ರಿಂಗ್‌ಫೀಲ್ಡ್‌ನ ಹಾಲ್ ಆಫ್ ಫೇಮ್ ಸೇರಿತು. ಅದಕ್ಕಿರೋ ಹೆಸರು ಏನು ಗೊತ್ತಾ? ನೇಸ್ಮಿತ್ ಹಾಲ್ ಆಫ್ ಫೇಮ್. ಮೆಕ್‌ಲೆಂಡನ್ ಅವರನ್ನು 1979ರಲ್ಲೇ ಅಲ್ಲಿಗೆ ಸೇರಿಸಿದ್ದರು, ಆದ್ರೆ ಆಟಕ್ಕೆ ಕೊಡುಗೆ ಕೊಟ್ಟವರು ಅನ್ನೋ ಲೆಕ್ಕದಲ್ಲಿ. ಕೋಚ್ ಅನ್ನೋ ಲೆಕ್ಕದಲ್ಲಿ ಸೇರಿಸಿದ್ದು 2016ರಲ್ಲಿ. ಅಷ್ಟೊತ್ತಿಗೆ ಅವರು ತೀರಿಕೊಂಡು 17 ವರ್ಷ.

ಒಂದೇ ಮೇಷ್ಟ್ರು, ಎರಡು ದಾರಿ

ಮತ್ತೆ ಫಾಗ್ ಆಲನ್ ಕಡೆ ಬರೋಣ. ಅವರ ಬೆಂಚ್ ಮೇಲೆ 1920ರ ಶುರುವಿನಲ್ಲಿ ಅಡಾಲ್ಫ್ ರಪ್ ಅಂತ ಹುಡುಗ ಕೂತಿದ್ದ. 1950ರ ಹೊತ್ತಿಗೆ ಡೀನ್ ಸ್ಮಿತ್ ಅಂತ ಇನ್ನೊಬ್ಬ ಕೂತಿದ್ದ. ಇಬ್ಬರೂ ಆಡಿದ್ದು ಕಮ್ಮಿ, ನೋಡಿದ್ದು ಜಾಸ್ತಿ. ಇಬ್ಬರೂ ದೊಡ್ಡ ಕೋಚ್ ಆದರು. ಕೆಂಟಕಿಯಲ್ಲಿ ರಪ್ 876 ಪಂದ್ಯ ಗೆದ್ದರು. ನಾರ್ತ್ ಕ್ಯಾರೊಲಿನಾದಲ್ಲಿ ಸ್ಮಿತ್ 879 ಗೆದ್ದು ಆ ದಾಖಲೆ ಮುರಿದರು.

ಒಂದೇ ಮೇಷ್ಟ್ರು, ಒಂದೇ ಬೆಂಚು. ಆದ್ರೆ ರಪ್ ಅವರ ತಂಡಕ್ಕೆ ಮೊದಲ ಕಪ್ಪು ಆಟಗಾರ ಸಹಿ ಹಾಕಿದ್ದು 1969ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ, 1966ರ ಫೈನಲ್‌ನಲ್ಲಿ, ಐದೂ ಜನ ಕಪ್ಪು ಆಟಗಾರರನ್ನು ಶುರುವಿಗೇ ಇಳಿಸಿದ್ದ ಟೆಕ್ಸಸ್ ವೆಸ್ಟರ್ನ್ ತಂಡ ರಪ್ ಅವರ ಬಿಳಿಯರ ತಂಡವನ್ನು ಸೋಲಿಸಿತ್ತು. ಅದೇ 1966ರಲ್ಲಿ ಸ್ಮಿತ್ ಅವರ ಯೂನಿವರ್ಸಿಟಿಗೆ ಚಾರ್ಲಿ ಸ್ಕಾಟ್ ಬಂದರು. ಅಲ್ಲಿ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರ.

ಈ ವ್ಯತ್ಯಾಸ ಎಲ್ಲಿಂದ ಬಂತು? ಸ್ಮಿತ್‌ಗೆ ಇನ್ನೊಂದು ಓಪನಿಂಗ್ ಬ್ಯಾಲೆನ್ಸ್ ಇತ್ತು, ಮನೆಯದ್ದು. ಅವರಪ್ಪ ಕ್ಯಾನ್ಸಸ್‌ನ ಎಂಪೋರಿಯಾ ಊರಲ್ಲಿ ಹೈಸ್ಕೂಲ್ ಕೋಚ್. 1934ರಲ್ಲೇ, ಜನ ಬೇಡ ಅಂದ್ರೂ, ತಮ್ಮ ತಂಡದಲ್ಲಿ ಒಬ್ಬ ಕಪ್ಪು ಹುಡುಗನನ್ನು ಇಟ್ಟುಕೊಂಡಿದ್ದವರು. ಮಗ ಅದನ್ನೇ ಮಾಡಿದರು. ಇನ್ನೂ ಅಸಿಸ್ಟೆಂಟ್ ಕೋಚ್ ಆಗಿದ್ದಾಗ, ಕಪ್ಪು ಜನರಿಗೆ ಊಟ ಬಡಿಸದ ಒಂದು ರೆಸ್ಟೋರೆಂಟ್‌ಗೆ ತಮ್ಮ ಚರ್ಚ್‌ನ ಪಾದ್ರಿ ಮತ್ತು ಒಬ್ಬ ಕಪ್ಪು ವಿದ್ಯಾರ್ಥಿಯ ಜೊತೆ ಹೋಗಿ ಕೂತರು. ಊಟ ಬಂತು. ಎಷ್ಟೋ ವರ್ಷ ಆದ ಮೇಲೆ ಒಬ್ಬ ಪತ್ರಕರ್ತ ಈ ಬಗ್ಗೆ ಕೇಳಿದರೆ, ಇದನ್ನು ನಿಮಗೆ ಯಾರು ಹೇಳಿದರು ಅಂತ ಬೇಜಾರು ಮಾಡಿಕೊಂಡರು. ಸರಿಯಾದ್ದನ್ನು ಮಾಡಿದ್ದಕ್ಕೆ ಹೆಮ್ಮೆ ಪಡಬಾರದು, ಮಾಡಬೇಕು ಅಷ್ಟೇ ಅನ್ನೋದು ಅವರ ನಿಲುವು.

ಅವರ ದಾರಿ ಸುಗಮ ಇರಲಿಲ್ಲ. 1965ರಲ್ಲಿ ಒಂದು ಸೋಲಿನ ನಂತರ ತಂಡದ ಬಸ್ ಕ್ಯಾಂಪಸ್‌ಗೆ ಬಂದಾಗ, ವಿದ್ಯಾರ್ಥಿಗಳು ಅವರ ಪ್ರತಿಕೃತಿಯನ್ನು ಮರಕ್ಕೆ ನೇಣು ಹಾಕಿದ್ದರು. ಬಿಲ್ಲಿ ಕನ್ನಿಂಗ್‌ಹ್ಯಾಮ್ ಅನ್ನೋ ಆಟಗಾರ ಬಸ್ಸಿಂದ ಇಳಿದು ಅದನ್ನು ಕಿತ್ತು ಹಾಕಿದ. ಆಟಗಾರರು ಕೋಚ್ ಪರ ನಿಲ್ಲೋದು ಅಂದ್ರೆ ಇದು.

ಸ್ಮಿತ್ ಓದಿದ್ದು ಗಣಿತ. ಬಾಲ್ ಕೈಗೆ ಬಂದ ಪ್ರತಿ ಸಲಕ್ಕೆ ಎಷ್ಟು ಪಾಯಿಂಟ್ ಬಂತು ಅಂತ ಆಗಲೇ ಲೆಕ್ಕ ಇಡ್ತಾ ಇದ್ದರು. ಮುಂದಿದ್ದಾಗ ನಾಲ್ಕು ಮೂಲೆಗೆ ಆಟಗಾರರನ್ನು ನಿಲ್ಲಿಸಿ ಬಾಲ್ ತಿರುಗಿಸುತ್ತಾ ಟೈಮ್ ಕಳೆಯೋ ಅವರ ತಂತ್ರಕ್ಕೆ ಜನ ಬೈದಿದ್ದೂ ಉಂಟು. ಅಂಥ ನಿಧಾನದ ಆಟಗಳು ಜಾಸ್ತಿಯಾಗಿ, ಕೊನೆಗೆ 1985ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ 45 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಅಂದ್ರೆ ಎಲ್ಲರೂ ಮೆಚ್ಚಿದ ಶೈಲಿ ಏನಲ್ಲ ಅದು.

ಆದ್ರೆ ಅವರ ಹುಡುಗರನ್ನು ತಿದ್ದಿದ್ದು ಸಣ್ಣ ಸಣ್ಣ ಅಭ್ಯಾಸಗಳು. ಬುಟ್ಟಿ ಹಾಕಿದವನು ಕುಣಿಯೋ ಮುಂಚೆ, ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ಸುಸ್ತಾದವನು ಮುಷ್ಟಿ ಎತ್ತಿದ್ರೆ ಹೊರಗೆ ಬರಬಹುದು. ಸುಧಾರಿಸಿಕೊಂಡ ಮೇಲೆ ತಾನೇ ಹೇಳಿ ಒಳಗೆ ಹೋಗಬಹುದು, ಯಾರೂ ಹೀಯಾಳಿಸೋ ಹಾಗಿಲ್ಲ. ಮೊದಲ ವರ್ಷದವರು ಸಾಮಾನು ಹೊರಬೇಕು. 1981ರಲ್ಲಿ ಬಂದ ಒಬ್ಬ ಹೊಸ ಹುಡುಗನೂ ಹೊತ್ತ. ಹೆಸರು ಮೈಕೇಲ್ ಜೋರ್ಡನ್. ಆ ಸೀಸನ್ ಶುರುವಿನಲ್ಲಿ ಒಂದು ದೊಡ್ಡ ಮ್ಯಾಗಜಿನ್ ತಂಡದ ಐದು ಜನರ ಫೋಟೋ ಮುಖಪುಟಕ್ಕೆ ಬೇಕು ಅಂದಾಗ, ಮೊದಲ ವರ್ಷದವನು ಇನ್ನೂ ಏನೂ ಗಳಿಸಿಲ್ಲ ಅಂತ ಸ್ಮಿತ್ ಅವನನ್ನು ಬಿಟ್ಟು ನಾಲ್ಕೇ ಜನರನ್ನು ಕಳಿಸಿದರು. ಅದೇ ಹುಡುಗ 1982ರ ಫೈನಲ್‌ನ ಕೊನೆ ಸೆಕೆಂಡುಗಳಲ್ಲಿ ಹಾಕಿದ ಬುಟ್ಟಿಯಿಂದ 63-62ರಲ್ಲಿ ಗೆದ್ದು, ಸ್ಮಿತ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು.

ಹಳೇ ಆಟಗಾರರನ್ನೆಲ್ಲ ಹೆಸರು ಹಿಡಿದು ನೆನಪಿಟ್ಟುಕೊಳ್ಳುತ್ತಾ ಇದ್ದವರು ಅಂತ ಸ್ಮಿತ್‌ಗೆ ಹೆಸರಿತ್ತು. ಕೊನೆಗಾಲದಲ್ಲಿ ಕಾಯಿಲೆ ಆ ನೆನಪನ್ನೇ ಕಿತ್ತುಕೊಂಡಿತು. 2013ರಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ಬಂದಾಗ ಅವರ ಪರವಾಗಿ ಹೆಂಡತಿ ಹೋಗಿ ತೆಗೆದುಕೊಂಡರು. ಆ 200 ಡಾಲರ್‌ನ ಚೆಕ್ಕಿಗೆ ಅಷ್ಟು ತೂಕ ಬಂದಿದ್ದು ಇದಕ್ಕೇ. ನೆನಪು ಹೋದರೂ ವಿಲ್‌ನಲ್ಲಿ ಹೆಸರುಗಳು ಉಳಿದಿದ್ದವು.

ನಮ್ಮ ಕಡೆಯ ಲೆಕ್ಕ

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತೀರಾ? ನೇಸ್ಮಿತ್ ಪಾಠ ಮಾಡಿದ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಓದಿದ ಹ್ಯಾರಿ ಕ್ರೋ ಬಕ್ ಅನ್ನೋರು ಭಾರತಕ್ಕೆ ಬಂದು, 1920ರಲ್ಲಿ ಮದ್ರಾಸ್‌ನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. ದೇಶದಲ್ಲಿ ಪಿಟಿ ಮೇಷ್ಟ್ರುಗಳನ್ನು ತಯಾರು ಮಾಡೋ ಕೆಲಸ ಗಟ್ಟಿಯಾಗಿ ಶುರುವಾದ ಜಾಗಗಳಲ್ಲಿ ಅದೂ ಒಂದು. ಅಂದ್ರೆ ಆ ಪೀಚ್ ಹಣ್ಣಿನ ಬುಟ್ಟಿಯಿಂದ ನಮ್ಮ ಶಾಲೆ ಮೈದಾನಕ್ಕೂ ಒಂದು ದಾರಿ ಇದೆ.

ನನ್ನ ಲೆಕ್ಕಾನೂ ಹೇಳಿಬಿಡ್ತೀನಿ. ಪಿಯುಸಿಯಲ್ಲಿ ಎರಡು ವರ್ಷ ಕಾಲೇಜು ತಂಡದಲ್ಲಿದ್ದೆ. ಆಡಿದ್ದು ಒಟ್ಟು ಹತ್ತು ನಿಮಿಷ ಇರಬಹುದು. ಸರ್ ನನ್ನ ಕೈಗೆ ಸ್ಕೋರ್ ಪುಸ್ತಕ ಕೊಟ್ಟಿದ್ದರು. ಅವಮಾನ ಅನ್ನಿಸಿತ್ತು. ಒಂದು ಮ್ಯಾಚ್ ಮುಗಿದ ಮೇಲೆ ಪುಸ್ತಕ ತಗೊಂಡು ನೋಡಿ, ಪೆನ್ನಲ್ಲಿ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿಕೊಟ್ಟರು. "ಬುಟ್ಟಿ ಹಾಕಿದವನ ಹೆಸರು ಊರೆಲ್ಲ ಬರ್ಕೊಳತ್ತೆ. ಪಾಸ್ ಕೊಟ್ಟವನದ್ದು ನೀನು ಬರಿ" ಅಂದರು. ಆವತ್ತಿಂದ ನಾನು ಆಟ ನೋಡೋ ರೀತಿಯೇ ಬೇರೆ ಆಯ್ತು. ಈ ಪಾಡ್‌ಕಾಸ್ಟ್‌ನಲ್ಲಿ ಜೋರ್ಡನ್‌ಗಿಂತ ಹೆಚ್ಚು ಹೊತ್ತು ಮೆಕ್‌ಲೆಂಡನ್ ಬಗ್ಗೆ ಮಾತಾಡಿದ್ದೀನಲ್ಲ, ಅದು ಆ ಕಾಲಂನ ಬಾಕಿ.

ಡೀನ್ ಸ್ಮಿತ್ ಹೆಸರನ್ನು ನಮ್ಮ ಸರ್ ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಅವರಿಗೆ ಇದನ್ನು ಯಾರು ಹೇಳಿಕೊಟ್ಟಿದ್ದು, ಅವರ ಮೇಷ್ಟ್ರು ಯಾರು, ಅವರನ್ನು ಯಾರಾದರೂ ಬೆಂಚ್ ಮೇಲೆ ಕೂರಿಸಿದ್ದರಾ? ಎರಡು ವರ್ಷ ಪಕ್ಕದಲ್ಲೇ ಕೂತಿದ್ದೆ, ಒಂದು ಸಲವೂ ಕೇಳಲಿಲ್ಲ. ಈ ಎಪಿಸೋಡ್ ತಯಾರು ಮಾಡ್ತಾ ಇದ್ದಾಗ ಅದೇ ಕೊರೀತಾ ಇತ್ತು.

ನಿಮಗೂ ಅಂಥ ಒಬ್ಬರು ಇದ್ದೇ ಇರ್ತಾರೆ. ವಿಸಿಲ್ ಊದಿದವರು, ಬೈದವರು, ಶೂ ಲೇಸ್ ಕಟ್ಟಿಸಿದವರು. ನಂಬರ್ ಇದ್ರೆ ಒಂದು ಫೋನ್ ಮಾಡಿ. ಥ್ಯಾಂಕ್ಸ್ ಹೇಳೋದು ಇದ್ದಿದ್ದೇ, ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಸರ್, ನಿಮಗೆ ಕಲಿಸಿದವರು ಯಾರು? ಉತ್ತರ ಸಿಕ್ಕಿದ್ರೆ ನನಗೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.